ಮಗ್ಗದ ಶ್ರುತಿ

ಕೀತ್ಲಿಯ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ.
ಹೆಡ್ಲಿ ಸಟ್‌ಕ್ಲಿಫ್‌ನ ಚೆಲ್ಲೊ
ನನ್ನ ಒಗ್ಗರಣೆಗೆ ಬಂದು ಬೀಳುತ್ತಿತ್ತು,
ನನ್ನ ಒಗ್ಗರಣೆ ಅವನ ಚೆಲ್ಲೊಗೆ.
ದೂರು ಹೇಳಲು ಹೋದವಳು
ಮೂರು ತಾಸು ಕೂತು ಬಂದೆ.

ನೀಲಾಂಬಿಕೆ ಅವನ ನಾಲಿಗೆಗೆ ಹತ್ತಲಿಲ್ಲ,
ನೀಲ್ ಅಂದ. ಇಲ್ಲಿ ಅದು ಗಂಡಸರ ಹೆಸರು.
ಇರಲಿ ಬಿಡು ಅಂದೆ. ಶಾಲೆಯ ಅಡುಗೆಮನೆಯಲ್ಲಿ
ಇನ್ನೂರು ಮಕ್ಕಳಿಗೆ ಬಟಾಟೆ ಬೇಯಿಸಿ ಬಂದ ಮೈಗೆ
ಯಾವ ಹೆಸರಾದರೇನು.

ಅವನ ಮುಂದಿನ ಕೋಣೆಯಲ್ಲಿ ಸೋಫಾ ಇಲ್ಲ.
ನನ್ನೆತ್ತರದ ಎರಡು ಸ್ಪೀಕರು,
ಗೋಡೆಗೆ ಆನಬಾರದು, ತುಸುವೇ ಒಳಕ್ಕೆ ತಿರುಗಿರಬೇಕು,
ಹೆಣ್ಣು ನೋಡಲು ಬಂದ ಬೀಗರ ಹಾಗೆ.
ಕಪಾಟಿನ ಮೇಲೆ ಆಂಪ್ಲಿಫೈಯರಿನ ಗಾಜಿನ ವಾಲ್ವುಗಳು:
ಅವು ಕಾಯುವ ತನಕ ನಾವೂ ಕಾಯಬೇಕು.
ಕುರ್ಚಿ ಒಂದೇ, ನೆಲದಲ್ಲಿ ಟೇಪು ಅಂಟಿಸಿದ ಗುರುತಿನ ಮೇಲೆ.
ಅದರಲ್ಲಿ ನನ್ನನ್ನು ಕೂರಿಸಿ
ತಾನು ಬಾಗಿಲಿಗೆ ಒರಗಿ ನಿಂತ.

‘ಈಗ,’ ಅಂದ.
ಚೆಲ್ಲೊ ಉಸಿರು ಹಿಡಿದ ಜಾಗದಲ್ಲಿ
ನೆಲದಡಿ ಏನೋ ಉರುಳಿ ಹೋಯಿತು.
‘ರೈಲು. ಲಂಡನ್ನಿನ ಸಭಾಂಗಣದ ಕೆಳಗೆ
ಅವತ್ತು ಸಂಜೆ ಹಾದದ್ದು.
ಗೆಳೆಯನ ಮನೆಯಲ್ಲಿ ಕೇಳಿಸಿತ್ತು, ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ.
ಅದನ್ನು ಮನೆಗೆ ಕರೆತರಲು
ಹನ್ನೊಂದು ವರ್ಷ ಓವರ್‌ಟೈಮ್ ದುಡಿದೆ.
ನನ್ನವಳು ಅನ್ನುತ್ತಿದ್ದಳು, ಆ ದುಡ್ಡಿಗೆ
ನಿಜವಾದ ರೈಲಿನಲ್ಲೇ ಓಡಾಡಬಹುದಿತ್ತು.’

ಮುಂದಿನ ಗುರುವಾರ ನನ್ನ ಸರದಿ.
ಮೂವತ್ತು ವರ್ಷದ ಕ್ಯಾಸೆಟ್ಟು, ಚೀಟಿ ಉದುರಿಹೋಗಿ
ಹಾಡಿದವರ ಹೆಸರು ನನಗೂ ತಿಳಿಯದು.
ಗುಳೇದಗುಡ್ಡದ ಯಾರದೋ ಪಡಸಾಲೆಯ ಮಾರ್ವಾ,
ಷಡ್ಜದ ಹೊಸ್ತಿಲ ತನಕ ಬಂದು ಬಂದು
ಒಳಗೆ ಕಾಲಿಡದೆ ಮರಳುವ ಮಾರ್ವಾ.
ಅದರ ಹಿಂದೆ, ಮೊದಲಿಂದ ಕೊನೆಯ ತನಕ,
ಪಕ್ಕದ ಮನೆಯ ಮಗ್ಗ. ಟಕ್ಕ, ಟಕ್. ಟಕ್ಕ, ಟಕ್.
ಗವಾಯಿ ಬಂದಿದ್ದಾರೆಂದು ನಿಲ್ಲಿಸಿದರೆ
ಖಣದ ಸಾವಕಾರ ಕೂಲಿ ಕೊಡುತ್ತಾನೆಯೇ?

ನನಗೆ ನಾಚಿಕೆ. ‘ಅದನ್ನು ತೆಗೆಯಲು ಬರುತ್ತದಾ?’ ಅಂದೆ.
ಅವನು ಮಾತಾಡದೆ ಸಣ್ಣ ಸ್ಕ್ರೂಡ್ರೈವರ್ ತಂದ.
ಡೆಕ್ಕಿನ ಹೆಡ್ಡು ಕೂದಲೆಳೆಯಷ್ಟು ವಾರೆಯಂತೆ.
‘ಮೇಲಿನ ದನಿ ನನಗೆ ಕೇಳಿಸದು ನೀಲ್,
ಗಿರಣಿ ತಿಂದುಬಿಟ್ಟಿದೆ. ನೀನು ಹೇಳು, ನಾನು ತಿರುಗಿಸುತ್ತೇನೆ.’
ತಂಬೂರಿ ಕಂಬಳಿ ಹೊದ್ದು ಮಲಗಿತ್ತು.
ಇನ್ನಷ್ಟು. ಇನ್ನೂ. ಹೆಚ್ಚಾಯಿತು, ಹಿಂದೆ. ಹಾಂ,
ಜವಾರಿ ಬಿಚ್ಚಿಕೊಂಡಿತು.
‘ಬಂತಾ?’
‘ಬಂತು.’
‘ಹೇಗಿದೆ?’
ಯಾವ ಇಂಗ್ಲಿಷಿನಲ್ಲಿ ಹೇಳಲಿ?
ಬೆಲ್ಲದ ಪಾಕ ಎಳೆ ಬಿಡುವ ಹಾಗೆ ಅಂದೆ.
ತಲೆಯಾಡಿಸಿದ, ಬೆಲ್ಲ ಕಾಣದವನು.

ಆಮೇಲೆ ಕಣ್ಣು ಮುಚ್ಚಿದ, ಬಹಳ ಹೊತ್ತು.
ಗವಾಯಿ ಇನ್ನೇನು ಷಡ್ಜ ಮುಟ್ಟಬೇಕು,
‘ಲಾಳಿ,’ ಅಂದ ಹೆಡ್ಲಿ.
‘ಏನು?’
‘ಒಂದು ಕಡೆಗೆ ತಡವಾಗಿ ತಲುಪುತ್ತಿದೆ. ಕೇಳು.
ಆ ಬದಿಯ ತೊಗಲು ಸವೆದಿದೆ. ಯಾರೂ ನೋಡಲಿಲ್ಲವೇ?’
ನಲವತ್ತು ವರ್ಷ ಗಿರಣಿಯಲ್ಲಿ ಅವನು ಲೂಮ್ ಟ್ಯೂನರ್,
ಅಂದರೆ ಮಗ್ಗಕ್ಕೆ ಶ್ರುತಿ ಮಾಡುವವನು.
ಅಂಥ ಒಂದು ನೌಕರಿ ಇತ್ತೆಂದು
ನೇಕಾರರ ಓಣಿಯಲ್ಲಿ ಹುಟ್ಟಿದ ನನಗೆ ಆವತ್ತೇ ತಿಳಿದದ್ದು.

ಷಡ್ಜ ಬಂದು ಹೋಗಿತ್ತು, ಇಬ್ಬರೂ ಕೇಳಿರಲಿಲ್ಲ.
ರಿವೈಂಡ್ ಮಾಡಿದ. ಮತ್ತೆ ಅದೇ ಸಂಜೆ,
ಮತ್ತೆ ಅದೇ ಮನುಷ್ಯ, ಹೆಸರಿಲ್ಲದವನು,
ಸವೆದ ತೊಗಲಿನಲ್ಲೇ ಇನ್ನೊಂದು ಮೊಳ ನೇಯುತ್ತಾ.
ಚಹಾ ಆರಿ ಕೆನೆಗಟ್ಟಿತ್ತು.
‘ಅದನ್ನು ತೆಗೆಯಬೇಡ,’ ಅಂದೆ.
‘ತೆಗೆಯುವವರು ಯಾರು,’ ಅಂದ,
‘ರಿಪೇರಿ ಆಗಬೇಕು ಅದು.’